ಮಡಿಕೆ ಬಿಚ್ಚದ ಹಂಗಾಮು

ಹೊಸ ಸೀರೆಗೆ ನೋವಿನ ಎಣ್ಣೆಯ ವಾಸನೆ ಹತ್ತಿದರೆ ಅದನ್ನು ಯಾರೂ ಕೊಳ್ಳುವುದಿಲ್ಲ. ಅಂಥದ್ದೊಂದು ಸೀರೆ ಹಿಂದೂಪುರದ ನಮ್ಮ ಮನೆಯ ಬೀರುವಿನಲ್ಲಿದೆ. ಕಡುಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಮೊನ್ನೆ ಚಳಿಗೆಂದು ಶಾಲು ಹುಡುಕುತ್ತ ಬೀರುವಿನ ಬಾಗಿಲು ತೆಗೆದೆ, ಆ ವಾಸನೆ ಮೂಗಿಗೆ ಬಡಿಯಿತು. ನೀಲಗಿರಿ ಎಣ್ಣೆ, ಕರ್ಪೂರ, ಅದರ ಹಿಂದೆ ಸಣ್ಣಗೆ ಗಂಜಿ. ಎಷ್ಟು ಸಲ ಬಿಸಿಲಿಗೆ ಹಾಕಿದರೂ ಹೋಗಿಲ್ಲ. ಇರಲಿ ಬಿಡು ಅಂತ ಈಗ ನಾನೂ ಸುಮ್ಮನಾಗಿದ್ದೇನೆ. ಶಾಲಿನ ಮಾತು ಮರೆತು ಅಲ್ಲೇ ನೆಲದ ಮೇಲೆ ಕೂತೆ. ಆ ವರ್ಷದ ಕಡಲೆಕಾಯಿ ಹಂಗಾಮು ಪೂರ್ತಿ ಕಣ್ಣ ಮುಂದೆ ಬಂತು.

ಆಗ ನಾನೂ ನಮ್ಮವರೂ ಊರೂರು ತಿರುಗಿ ಸೀರೆ ಮಾರುತ್ತಿದ್ದೆವು. ನಮ್ಮವರ ಹೆಸರು ವೆಂಕಟೇಶ. ಒಂದು ಪುಟ್ಟ ವ್ಯಾನು, ಹಿಂದೆ ಸೀರೆಯ ಗಂಟುಗಳು, ಮುಂದಿನ ಸೀಟಿನಲ್ಲಿ ನಾವಿಬ್ಬರು. ಚಿಲಮತ್ತೂರಿನ ಕಡೆ ಒಂದಿಷ್ಟು ದಿನ, ಮಡಕಶಿರಾ ಕಡೆ ಒಂದಿಷ್ಟು ದಿನ, ಕಡಲೆಕಾಯಿ ಕೀಳುವ ಕಾಲಕ್ಕೆ ಮಾತ್ರ ಕಲ್ಯಾಣದುರ್ಗ. ಬೆಳೆ ಮನೆಗೆ ಬಂದು, ಕಾರ್ತೀಕದ ಮದುವೆಗಳು ಹತ್ತಿರವಾಗಿ, ಆ ಕಡೆಯ ಹೆಂಗಸರಿಗೆ ಸೀರೆಯ ನೆನಪಾಗುವುದು ಆವಾಗಲೇ. ಅಲ್ಲಿ ಓಬುಳಮ್ಮ ಎಂಬಾಕೆಯ ಮನೆಯ ಹೊರಗಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಆಕೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಮಗಳು ಅನಂತಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಹಾಗಾಗಿ ನಮ್ಮ ಕಾಲು ಕಟ್ಟಿಹಾಕುವಂಥದ್ದೇನೂ ಇರಲಿಲ್ಲ.

ಕೆಲಸವನ್ನು ನಾವು ಹಂಚಿಕೊಂಡಿದ್ದೆವು ಅನ್ನುವುದಕ್ಕಿಂತ ಅದೇ ಹಂಚಿಕೊಂಡಿತ್ತು. ಗಾಡಿ ಓಡಿಸುವುದು, ಗಂಟು ಹೊರುವುದು, ನಮ್ಮವರದು. ಮಾತು ನನ್ನದು. ನಮ್ಮವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಟ್ರಾಕ್ಟರು ಕಟ್ಟಿ ಎಳೆಯಬೇಕು, ಅದೂ ಎದುರಿಗಿರುವುದು ಹೆಂಗಸರಾದರೆ ಟ್ರಾಕ್ಟರಿಗೂ ಆಗದು. ನಾನು ಸೀರೆಯನ್ನು ಝಾಡಿಸಿ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದೆ. "ನೋಡಮ್ಮ, ನನ್ನಂಥ ಕಪ್ಪಗಿರೋಳಿಗೇ ಇಷ್ಟು ಒಪ್ತದೆ, ನಿನಗೆ ಹೆಂಗಿರ್ತದೆ ಯೋಚನೆ ಮಾಡು" ಅನ್ನುತ್ತಿದ್ದೆ. ಅಷ್ಟಕ್ಕೇ ಅರ್ಧ ವ್ಯಾಪಾರ ಮುಗಿದಿರುತ್ತಿತ್ತು. ಆ ಬದುಕು ನನಗೆ ಇಷ್ಟವಾಗಿತ್ತು. ಬೆಳಗ್ಗೆ ಎದ್ದು ಯಾವುದೋ ಊರಿನ ಬಸ್ ಸ್ಟ್ಯಾಂಡಿನ ಪಕ್ಕ ಇಡ್ಲಿ ತಿಂದು, ನಮ್ಮವರ ಪಕ್ಕ ಕೂತು ರಸ್ತೆ ನೋಡುತ್ತ ಹೋಗುವುದಿದೆಯಲ್ಲ, ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ಇದು ಅತ್ತೆಗೆ ಸೇರುತ್ತಿರಲಿಲ್ಲ. ಅತ್ತೆ ಅಶ್ವತ್ಥಮ್ಮ ನೇಯ್ಗೆಯ ಮನೆಯವರು. ಮಾವ ಮಗ್ಗದ ಮೇಲೆ ಕೂತರೆ ಅತ್ತೆ ಕಂಡಿಕೆಗೆ ನೂಲು ಸುತ್ತುತ್ತ ಬದುಕು ಸವೆಸಿದವರು. ಮಾವ ಹೋದ ಮೇಲೆ ಮಗ್ಗದ ಗುಂಡಿ ಮುಚ್ಚಿ, ಈಗ ಅಲ್ಲಿ ಗ್ರೈಂಡರು ನಿಂತಿದೆ. ಆದರೆ ಮಗ್ಗದ ಕಾಲದ ಒಂದು ಕಟ್ಟಳೆಯನ್ನು ಅತ್ತೆ ಬಿಟ್ಟಿರಲಿಲ್ಲ. ಮಾರುವ ಸೀರೆಯನ್ನು ನೇಯ್ಗೆಯ ಮನೆಯ ಹೆಣ್ಣು ತನ್ನ ಮೈಮೇಲೆ ಹಾಕಿಕೊಳ್ಳಬಾರದು. ಅದರ ಮೊದಲ ಮಡಿಕೆ ಬಿಚ್ಚುವ ಹಕ್ಕು ಕೊಂಡವಳದು. ನಾವೇ ಬಿಚ್ಚಿ ಹೊದ್ದುಕೊಂಡರೆ ಮನೆಗೆ ಆಗಿಬರುವುದಿಲ್ಲ. ನಾನೋ ದಿನಕ್ಕೆ ಎಷ್ಟು ಸೀರೆ ಹೆಗಲ ಮೇಲೆ ಹಾಕುತ್ತಿದ್ದೆನೋ ದೇವರಿಗೇ ಗೊತ್ತು. ಪ್ರತಿ ಸಲ ಮನೆಗೆ ಬಂದಾಗಲೂ ಅತ್ತೆ ಮುಖ ಅತ್ತ ತಿರುಗಿಸಿಕೊಂಡು, "ಬಂದ್ಳಪ್ಪ, ಊರೋರ್ ಸೀರೆಯೆಲ್ಲಾ ಉಟ್ಕಂಡು" ಅನ್ನುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, ಪಾತ್ರೆ ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದೆ.

ಆ ವರ್ಷ ಕಲ್ಯಾಣದುರ್ಗಕ್ಕೆ ಹೋಗಿ ಇನ್ನೂ ಗಂಟುಗಳನ್ನು ಸರಿಯಾಗಿ ಜೋಡಿಸಿಕೊಂಡಿರಲಿಲ್ಲ. ಆಕಾಶದ ತುಂಬ ಮೋಡ. ಕಿತ್ತ ಕಡಲೆಕಾಯಿ ಬಳ್ಳಿ ಹೊಲಗಳಲ್ಲಿ ರಾಶಿ ಬಿದ್ದಿತ್ತು, ಎಲ್ಲರೂ ಕತ್ತೆತ್ತಿ ಮೇಲೆ ನೋಡುವವರೇ. ಬೆಳಗಿನ ಕಾಫಿ ಹೊತ್ತಿಗೆ ಹಿಂದೂಪುರದ ಪಕ್ಕದ ಮನೆಯವರ ಫೋನು ಬಂತು. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಿದ್ದರು. ಏಳಲು ಆಗುತ್ತಿರಲಿಲ್ಲ, ಆಸ್ಪತ್ರೆಗೆ ಸೇರಿಸಿದ್ದರು. ಸೀರೆಗಳನ್ನು ಓಬುಳಮ್ಮನ ಕೋಣೆಯಲ್ಲಿ ಹಾಗೇ ಬಿಟ್ಟು, ಬೀಗ ಹಾಕಿ, ಪಾವಗಡದ ದಾರಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ನಮ್ಮವರು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ, ಅದು ಮಾತ್ರ ಹೊಸದು.

ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಗಲೇಬೇಕು ಎಂದರು. ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ಕರೆದುಕೊಂಡು ಹೋಗುವಾಗ ಅತ್ತೆ ನೋವಿನಲ್ಲಿ ನನ್ನನ್ನು ನೋಡಿ, ಮಗನ ಕೈ ಹಿಡಿದುಕೊಂಡು ಅಂದರು:

"ಬ್ಯಾಡ ಬ್ಯಾಡ ಅಂತ ಬಡ್ಕಂಡೆ ಕಣ್ಲಾ. ಮಾರೋ ಸೀರೆ ಮೈಮ್ಯಾಲೆ ಹಾಕ್ಕಬ್ಯಾಡ ಅಂದೆ. ಕೇಳುದ್ಳಾ ಇವ್ಳು? ಈಗ ನೋಡು, ನನ್ನ ಮಲಗುಸ್ಬುಡ್ತು."

ನನಗೆ ಕೋಪ ಬಂತು, ಅಳುವೂ ಬಂತು. ನಮ್ಮವರು ನನ್ನ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದರು. ಆ ಗೋಡೆಯಲ್ಲಿ ಏನು ನೋಡಿದರು ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಕಬ್ಬಿಣ ಕೂರಿಸುವುದು ನಮ್ಮ ಕೆಲಸ, ನಡೆಯುವುದು ಅವರ ಕೆಲಸ ಎಂದರು. ಈ ವಯಸ್ಸಿನಲ್ಲಿ ಕೆಲವರು ಎದ್ದು ನಡೆಯುತ್ತಾರೆ, ಕೆಲವರು ಹಾಸಿಗೆಯನ್ನೇ ಹಿಡಿದುಬಿಡುತ್ತಾರೆ, ಮನಸ್ಸು ಮಾಡಬೇಕು. ನಾನು ತಲೆಯಾಡಿಸಿದೆ. ಒಳಗೇ ಲೆಕ್ಕ ಆಗಿಹೋಗಿತ್ತು. ಅತ್ತೆಗೆ ಇರುವುದು ಒಬ್ಬನೇ ಮಗ, ಒಬ್ಬಳೇ ಸೊಸೆ. ಅವರು ಏಳದಿದ್ದರೆ ನಾನು ಇನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರುವ ಹಾಗಿಲ್ಲ. ನಮ್ಮವರು ಒಬ್ಬರೇ ರಸ್ತೆ ಹಿಡಿಯುವುದು, ನಾನು ಮನೆಯಲ್ಲಿ ಗ್ರೈಂಡರಿನ ಪಕ್ಕ. ಮುದುಕಿ ನೋವಿನಲ್ಲಿರುವಾಗ ತನ್ನ ಸೀಟಿನ ಚಿಂತೆ ಮಾಡುತ್ತಾಳಲ್ಲ ಇವಳು ಅಂತ ನೀವು ಅಂದುಕೊಳ್ಳಬಹುದು. ಮಾಡಿದೆ, ಏನು ಮಾಡಲಿ.

ಅದು ಹೆಂಗಸರ ವಾರ್ಡು, ರಾತ್ರಿ ಗಂಡಸರನ್ನು ಇರಗೊಡುವುದಿಲ್ಲ. ಅತ್ತೆಯ ತಂಗಿ ರತ್ನಮ್ಮ, ನನ್ನ ಚಿಕ್ಕತ್ತೆ, ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದು ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗಬಲ್ಲರು, ಅಷ್ಟೆ. ಕಲ್ಯಾಣದುರ್ಗದಲ್ಲಿ ಸೀರೆಗಳು ಹಾಗೇ ಬಿದ್ದಿದ್ದವು, ಮದುವೆಯ ಮನೆಗಳಿಗೆ ಮಾತು ಕೊಟ್ಟಾಗಿತ್ತು. ಹಾಗಾಗಿ ನಾನು ಇಲ್ಲಿ, ನಮ್ಮವರು ಅಲ್ಲಿ. ಮದುವೆಯಾದ ಮೇಲೆ ಅಷ್ಟು ದಿನ ಬೇರೆ ಬೇರೆ ಇದ್ದದ್ದು ಅದೇ ಮೊದಲು. ಆಸ್ಪತ್ರೆಯ ಗೇಟಿನಲ್ಲಿ ನಿಂತು ನಮ್ಮವರು ನನ್ನ ಕೈಗೆ ಬಾಳೆಹಣ್ಣಿನ ಚೀಲ ಕೊಟ್ಟು, "ಬತ್ತೀನಿ" ಎಂದರು. ಮುಂದಿನ ಸೀಟು ಖಾಲಿ ಇಟ್ಟುಕೊಂಡು ವ್ಯಾನು ಹೋಯಿತು. ನಾನು ಅಲ್ಲೇ ನಿಂತು ಎರಡು ಬಾಳೆಹಣ್ಣು ತಿಂದೆ, ಅಳು ಬರದೇ ಇರಲಿ ಅಂತ.

ವಾರ್ಡಿನಲ್ಲಿ ಅತ್ತೆ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ನೀರು, ಸಾಕು, ಆ ಕಡೆ ತಿರುಗಿಸು, ಇಷ್ಟೇ. ನಾನು ತಲೆ ಬಾಚಿದೆ, ಮೈ ಒರೆಸಿದೆ, ಗಂಜಿ ಕುಡಿಸಿದೆ. ಪಕ್ಕದ ಮಂಚದ ಹೆಂಗಸು ತೆಲುಗಿನಲ್ಲಿ "ಕೂತುರಾ?" ಅಂತ ಕೇಳಿದಾಗ, ಮಗಳಲ್ಲ, ಸೊಸೆ ಎಂದು ಅತ್ತೆಯೇ ಉತ್ತರ ಕೊಟ್ಟರು. ಅದನ್ನು ಹೇಳಿದ ರೀತಿಯಲ್ಲಿ ಹೊಗಳಿಕೆಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಕಾಲು ಕೆಳಗಿಡಿ ಎಂದು ನರ್ಸಮ್ಮ ಹೇಳಿದರೆ ಮಾತ್ರ ಕಣ್ಣು ಮುಚ್ಚಿ, "ನನ್ ಕೈಲಾಗಲ್ಲ ತಾಯಿ, ಬುಟ್ಬುಡು" ಎನ್ನುತ್ತಿದ್ದರು.

ಸಂಜೆ ನಮ್ಮವರಿಗೆ ಫೋನು ಮಾಡುತ್ತಿದ್ದೆ.

"ಉಂಡ್ರಾ?"

"ಹೂಂ."

"ಏನುಂಡ್ರಿ?"

"ಅನ್ನ."

"ವ್ಯಾಪಾರ ಹೆಂಗೈತೆ?"

"ಐತೆ."

ಇನ್ನೇನು ಕೇಳುವುದು? ಅಮ್ಮ ಎದ್ದಳಾ ಅಂತ ಮಾತ್ರ ಅವರೇ ಕೇಳುತ್ತಿದ್ದರು, ಪ್ರತಿ ದಿನ. ಇನ್ನೂ ಇಲ್ಲ ಅಂದರೆ ಫೋನಿಡುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಓಬುಳಮ್ಮನ ಫೋನು ಬಂತು. ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಕೈಯೆಲ್ಲ ಜಿಡ್ಡು. ಸ್ಪೀಕರ್ ಹಾಕಿ ಫೋನನ್ನು ಮಂಚದ ಮೇಲೆಯೇ ಇಟ್ಟೆ.

"ಏಮ್ಮಾ ಪದ್ಮಾ, ಅತ್ತ ಎಟ್ಲುಂದಿ?" ಎಂದು ತೆಲುಗಿನಲ್ಲಿ ಅತ್ತೆಯ ಯೋಗಕ್ಷೇಮ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಓಬುಳಮ್ಮ ಕನ್ನಡಕ್ಕೆ ಇಳಿದರು. "ಅಲ್ಲ ಕಣಮ್ಮ, ನಿನ್ ಗಂಡ ಸೀರೆ ಮಾರಾಕ್ ಬಂದವ್ನಾ, ಕಾಯಾಕ್ ಬಂದವ್ನಾ? ಕಟ್ಟಿದ್ ಗಂಟು ಕಟ್ಟಿದಂಗೇ ಐತೆ. ಹೆಂಗುಸ್ರು ಬತ್ತಾರೆ, ಬಿಚ್ಚಿ ತೋರ್ಸಪ್ಪಾ ಅಂತಾರೆ. ಬಿಚ್ಚಲ್ಲ ಅಂತಾನೆ! ಮೂಲೆ ಎತ್ತಿ ತೋರುಸ್ತಾನೆ. ಮೂಲೆ ನೋಡ್ಕಂಡು ಯಾರಮ್ಮ ಸೀರೆ ತಗಂತಾರೆ?"

"ಬಿಚ್ಚಲ್ಲ ಅಂದ್ರಾ? ಯಾಕಂತೆ?"

"ನಾನೂ ಗದರ್ಸ್ದೆ, ಏನಪ್ಪಾ ನಿನ್ ಕಥೆ ಅಂತ. ಆಮ್ಯಾಲ್ ಬಾಯ್ ಬಿಟ್ಟ. ಹರಕೆ ಅಂತೆ. ಅವ್ರಮ್ಮ ಎದ್ದು ನಡ್ಯೋಗಂಟ ತನ್ ಕೈಯಾರೆ ಒಂದು ಮಡಿಕೇನೂ ಬಿಚ್ಚಾಕಿಲ್ಲ ಅಂತ ದೇವ್ರಿಗೆ ಹೇಳ್ಕಂಡವ್ನಂತೆ. ಇಂಥಾ ಹರಕೆ ನಾನು ಹುಟ್ಟಿದಾಗ್ಲಿಂದ ಕೇಳಿಲ್ಲಮ್ಮ."

ನನ್ನ ಕೈ ಅತ್ತೆಯ ತಲೆಯ ಮೇಲೆಯೇ ನಿಂತಿತು. ತಳ್ಳುಗಾಡಿಯ ಪಕ್ಕ ನಿಂತು ಗೋಡೆಯಲ್ಲಿ ಏನು ನೋಡುತ್ತಿದ್ದರು ಎಂದು ಈಗ ತಿಳಿಯಿತು, ಅಲ್ಲೊಂದು ದೇವರ ಪಟವಿತ್ತು. ತಿರುಪತಿಗೆ ತಲೆಕೂದಲು ಕೊಡುತ್ತಾರೆ, ಬೆಟ್ಟ ಹತ್ತುತ್ತೇನೆ ಅನ್ನುತ್ತಾರೆ. ಸೀರೆ ಮಾರುವವನು ಸೀರೆ ಬಿಚ್ಚುವುದಿಲ್ಲ ಅಂತ ಹರಕೆ ಹೊತ್ತರೆ ದೇವರು ಅದನ್ನು ಯಾವ ಖಾನೆಯಲ್ಲಿ ಹಾಕಿಕೊಳ್ಳಬೇಕು? ಬೈಯಬೇಕೋ ಮುದ್ದು ಮಾಡಬೇಕೋ ತಿಳಿಯದೆ ನಾನು ಬೆಪ್ಪಾಗಿ ಕೂತಿದ್ದೆ. ಪಕ್ಕದ ಮಂಚದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅತ್ತೆ ಮಾತ್ರ ನಗಲಿಲ್ಲ. "ಆ ಫೋನ್ ಇತ್ಲಾಗ್ ಕೊಡು. ಅವನ್ಗೆ ಹಚ್ಚು" ಎಂದರು. ಹಚ್ಚಿ ಕೊಟ್ಟೆ.

"ಲೋ ಎಂಕಟೇಸ, ಏನ್ಲಾ ಅದು ಹರಕೆ?"

"ನಿನ್ ಸಲುವಾಗೇ ಕಣಮ್ಮ."

"ನನ್ ಸಲುವಾಗಿ ಗಂಟು ಕಾಯ್ಕಂಡ್ ಕೂತ್ಕ ಅಂತ ನಾನಂದ್ನಾ?"

"ನೀನೇ ಅಂದ್ಯಲ್ಲಮ್ಮ, ಆಸ್ಪತ್ರೇಲಿ. ಮಡಿಕೆ ಬಿಚ್ಚಿದ್ಕೇ ಹಿಂಗಾಯ್ತು ಅಂತ."

"ನೋವಲ್ಲಿ ಏನೇನೋ ಅಂದೆ ಕಣ್ಲಾ. ನೋವಲ್ಲಿ ಆ ಡಾಕುಟ್ರುನ್ನೂ ಬೈದೆ. ಅವ್ರೇನು ಆಸ್ಪತ್ರೆ ಮುಚ್ಕಂಡ್ ಓಡೋದ್ರಾ?"

ಅವರು ಮೆಲ್ಲಗೆ, "ಹೊತ್ತಿರೋ ಹರಕೆ ಮುರಿಯಾಕಾಯ್ತದಾ ಅಮ್ಮ? ನೀನ್ ಏಳ್ದಿದ್ರೆ?" ಅಂದರು. ಆ 'ನೀನ್ ಏಳ್ದಿದ್ರೆ' ಅನ್ನುವಾಗ ಅವರ ದನಿ ನಡುಗಿತು. ಮಾತೇ ಆಡದ ಮನುಷ್ಯ ತಾಯಿಗಾಗಿ ಎಷ್ಟು ಹೆದರಿಕೊಂಡಿದ್ದಾರೆ ಎಂದು ನನಗೂ ಅವತ್ತೇ ಅರ್ಥವಾದದ್ದು.

ಅತ್ತೆ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. "ಮುರೀಬ್ಯಾಡ" ಎಂದರು. "ಬಿಚ್ಚೋರು ಕೊಳ್ಳೋರು ಕಣ್ಲಾ. ಮೊದ್ಲ ಮಡಿಕೆ ಕೊಂಡೋಳ್ದು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದೂ ಅದೇಯ. ಅವ್ರ ಕೈಗೇ ಕೊಡು, ಅವ್ರೇ ಬಿಚ್ಕಂಡು ಅವ್ರೇ ಹೊದ್ಕಂಡು ನೋಡ್ಲಿ. ನೀನು ಸುಮ್ಕೆ ಕೂತಿರು, ಅದೊಂದು ಚೆನ್ನಾಗಿ ಬತ್ತದೆ ನಿಂಗೆ." ಫೋನು ನನ್ನ ಕೈಗೆ ಕೊಡುತ್ತ, "ಉಂಡವ್ನೋ ಇಲ್ವೋ ಕೇಳು. ದಿನಾ ಅನ್ನ ಅಂತಾನೆ, ಜೊತೀಗ್ ಏನು ಅಂತ ಕೇಳು" ಎಂದರು. ನಮ್ಮ ಸಂಜೆಯ ಮಾತುಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಿದ್ದರು!

ಅವತ್ತೇ ಮಧ್ಯಾಹ್ನ ನರ್ಸಮ್ಮ ಬಂದಾಗ ಅತ್ತೆ ಯಾರೂ ಕೇಳುವ ಮೊದಲೇ ಕಾಲನ್ನು ಮಂಚದ ಅಂಚಿಗೆ ತಂದರು. "ನನ್ ಮಗ ಒಬ್ಬ ಹುಚ್ಚ ಅವ್ನೆ ತಾಯಿ, ಅವನ್ ಹರಕೆ ತೀರುಸ್ಬೇಕು" ಎಂದರು. ಕಾಲು ನೆಲಕ್ಕೆ ತಾಗಿದಾಗ ನೋವಿಗೆ ನನ್ನ ತೋಳನ್ನು ಹಿಡಿದರು ನೋಡಿ, ಉಗುರಿನ ಗುರುತು ಸುಮಾರು ದಿನ ಇತ್ತು. ನನಗೆ ಬಲು ಖುಷಿಯಾಯಿತು.

ಕಲ್ಯಾಣದುರ್ಗದ ಜಗಲಿ ಕಳೆಗಟ್ಟಿತು. ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಓಬುಳಮ್ಮ ದಿನಾ ವಿಡಿಯೋ ಕಾಲ್ ಮಾಡಿ ತೋರಿಸುತ್ತಿದ್ದರು. ಹೆಂಗಸರು ಸೀರೆಗಳನ್ನು ತಾವೇ ಬಿಚ್ಚಿ, ಒಬ್ಬಳ ಹೆಗಲಿಗೆ ಇನ್ನೊಬ್ಬಳು ಹಾಕಿ, ಒಬ್ಬರನ್ನೊಬ್ಬರು ತಿರುಗಿಸಿ ನೋಡುವರು. ಕಣಕ್ಕೆ ಹೊರಟವರು, ಕಣದಿಂದ ಬಂದವರು, ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಕೂರುವರು. ನಮ್ಮವರು ಒಂದು ಮೂಲೆಯಲ್ಲಿ ಕೈಕಟ್ಟಿಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ತಲೆ ತಗ್ಗಿಸಿ ಕೂತಿರುವರು. ಅತ್ತೆ ಈ ಕಡೆಯಿಂದ ಹಾಸಿಗೆಯಲ್ಲಿ ದಿಂಬಿಗೊರಗಿ ತೀರ್ಪು ಕೊಡುವರು. "ಆ ಹಳದಿ ಬ್ಯಾಡ ಕಣಮ್ಮ, ಒಗೆದ್ರೆ ಸಪ್ಪಗಾಯ್ತದೆ. ಪಕ್ಕದ್ದು ತಕ್ಕ. ಆ ಅಂಚು ಎಳ್ದು ನೋಡು, ಗಟ್ಟಿ ಐತೆ." ಅತ್ತೆಯ ಕನ್ನಡ, ಆ ಹೆಂಗಸರ ತೆಲುಗು, ನಡುವೆ ಓಬುಳಮ್ಮನ ಎರಡೂ. ಯಾರಿಗೂ ಏನೂ ಅಡ್ಡಿಯಾಗಲಿಲ್ಲ.

ಒಂದು ದಿನ ಹೀಗೆ ಮಾತಾಡುತ್ತಿರುವಾಗಲೇ ಕಲ್ಯಾಣದುರ್ಗದಲ್ಲಿ ಮಳೆ ಸುರಿಯಿತು. ಓಬುಳಮ್ಮ ಫೋನನ್ನು ಚಾಪೆಯ ಮೇಲೆ ಎಸೆದು "ಕಾಯಿ! ಕಾಯಿ!" ಎಂದು ಕೂಗುತ್ತ ಅಂಗಳಕ್ಕೆ ಓಡಿದರು. ಒಣಗಲು ಹಾಕಿದ ಕಡಲೆಕಾಯಿ ಅಂಗಳದ ತುಂಬ ಇತ್ತಂತೆ. ನಮ್ಮ ಫೋನಿನಲ್ಲಿ ಜಗಲಿಯ ಸೂರಿನ ಅಂಚು ಮಾತ್ರ ಕಾಣುತ್ತಿತ್ತು, ಅದರಿಂದ ಇಳಿಯುವ ನೀರು. ಅತ್ತೆಯೂ ನಾನೂ ಅದನ್ನೇ ನೋಡುತ್ತ ಕೂತೆವು. ಜನ ಓಡಾಡುವ ಸದ್ದು, ವ್ಯಾನಿನ ಬಾಗಿಲ ಸದ್ದು, ಆಮೇಲೆ ನಮ್ಮವರ ದನಿ: "ಅಕ್ಕಾ, ಆ ಕಡೆ ಹಿಡ್ಕಳಿ! ಇನ್ನೂ ಎಳೀರಿ! ಕಲ್ಲಿಡ್ರಮ್ಮ, ಕಲ್ಲು!" ವ್ಯಾನಿಗೆ ಹೊದಿಸುವ ಟಾರ್ಪಾಲನ್ನು ತೆಗೆದು ಕಾಯಿಯ ಮೇಲೆ ಹಾಕುತ್ತಿದ್ದರು. ಅಷ್ಟು ಮಾತನ್ನು ಅಷ್ಟು ಜನ ಹೆಂಗಸರ ಎದುರು ಅವರು ಆಡಿದ್ದು ನಾನು ಕೇಳಿಯೇ ಇರಲಿಲ್ಲ. "ನೋಡ್ದಾ, ಬಾಯೈತೆ ಅವನ್ಗೆ" ಎಂದರು ಅತ್ತೆ. ಇಬ್ಬರೂ ನಕ್ಕೆವು. ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು.

ನಕ್ಕ ಮೇಲೆ ಮಾತ್ರ ನನಗೆ ಚುರುಕ್ ಅಂದಿತು. ನನ್ನ ಹೆಗಲಿಲ್ಲದೆ ಸೀರೆ ಹೋಗುತ್ತಿದೆ. ನನ್ನ ನಾಲಿಗೆಯಿಲ್ಲದೆ ವ್ಯಾಪಾರ ನಡೆಯುತ್ತಿದೆ. ಇನ್ನು ಅತ್ತೆ ಎದ್ದರೂ ಅಷ್ಟೆ, ಏಳದಿದ್ದರೂ ಅಷ್ಟೆ. ನೀನು ಮನೆಯಲ್ಲಿದ್ದರೂ ನಡೆಯುತ್ತೆ ಕಣೆ ಅಂದುಬಿಟ್ಟರೆ? ಅವರು ಅನ್ನುವುದಿಲ್ಲ, ಅಂದರೆ ಅನ್ನಲೂಬಹುದು, ಮಾತು ಕಲಿತುಬಿಟ್ಟಿದ್ದಾರಲ್ಲ. ಹೊಟ್ಟೆಕಿಚ್ಚು ಅನ್ನಿ, ಭಯ ಅನ್ನಿ. ಆ ಸಂಜೆ ನಾನು ಫೋನು ಮಾಡಲಿಲ್ಲ. ಅವರೇ ಮಾಡಿದರು.

"ಯಾಕೆ ಮಾಡ್ಲಿಲ್ಲ?"

"ಸುಮ್ಕೆ."

"ಉಂಡ್ಯಾ?"

"ಹೂಂ. ಅನ್ನ."

ಅವರು, "ಪಕ್ಕದ್ ಸೀಟ್ ಮ್ಯಾಲೆ ಟಾರ್ಪಾಲ್ ಇಟ್ಟಿದೀನಿ. ಖಾಲಿ ನೋಡಾಕಾಗಲ್ಲ ಕಣೆ" ಎಂದು ಫೋನಿಟ್ಟರು. ಅವರ ಬಾಯಲ್ಲಿ ಅದು ದೊಡ್ಡ ಭಾಷಣ.

ಅತ್ತೆ ವಾಕರ್ ಹಿಡಿದು ಕೋಣೆಯಿಂದ ಗ್ರೈಂಡರಿನ ತನಕ, ಗ್ರೈಂಡರಿನಿಂದ ಕೋಣೆಯ ತನಕ ನಡೆಯಲು ಕಲಿಯುತ್ತಿದ್ದರು. ವಾಕರನ್ನು 'ಮೇಕೆ' ಅನ್ನುತ್ತಿದ್ದರು. ನಾಲ್ಕು ಕಾಲಿದ್ದು ಹೇಳಿದ ಮಾತು ಕೇಳುವುದಿಲ್ಲ ಅಂತ. ಎರಡು ಕೈಯಲ್ಲೂ ಅದನ್ನು ಬಿಗಿಯಾಗಿ ಹಿಡಿದು, ನನ್ನನ್ನು ಬೈಯುತ್ತ ನಡೆಯುವರು. ಬೈದರೆ ಹೆಜ್ಜೆ ಸಲೀಸು. ಒಂದು ಕೈ ಬಿಟ್ಟು ನಿಲ್ಲಿ ಅಂದರೆ ಮಾತ್ರ ಆಗುತ್ತಿರಲಿಲ್ಲ, ಮುಖ ಬಿಳಿಚಿಕೊಳ್ಳುತ್ತಿತ್ತು. "ಬಿದ್ ನೆನಪೈತೆ ಕಣಮ್ಮಿ ಈ ಕೈಗೆ" ಎನ್ನುವರು. ನಾನೂ ಒತ್ತಾಯ ಮಾಡುವುದನ್ನು ಬಿಟ್ಟೆ.

ಒಂದು ಮಧ್ಯಾಹ್ನ ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದವರು, ಮನೆಯಲ್ಲಿದ್ದ ಸೀರೆಯ ಗಂಟಿನ ಕಡೆ ನೋಡಿ, "ಆ ಹಸಿರುದು ತೆಗಿ" ಎಂದರು. ತೆಗೆದೆ.

"ಹಾಕ್ಕಂಡ್ ತೋರ್ಸು."

"ಹರಕೆ ಐತಲ್ಲ ಅತ್ತೆ."

"ಹರಕೆ ಅವಂದು. ನಿಂದಲ್ಲ. ಹಾಕ್ಕ."

ಝಾಡಿಸಿ ಬಿಚ್ಚಿದೆ. ಎಷ್ಟೋ ದಿನದ ಮೇಲೆ ಹೊಸ ಸೀರೆ ಹೆಗಲ ಮೇಲೆ ಬಿದ್ದು ನನ್ನ ಮೈಯೇ ಹಗುರವಾದಂತಾಯಿತು. ಅತ್ತೆ ತಿರುಗು ಎಂದರು, ತಿರುಗಿದೆ. ಬಾಗಿಲ ಬೆಳಕಿಗೆ ಹೋಗು ಎಂದರು, ಹೋದೆ. ಆಮೇಲೆ ನನ್ನ ಕಡೆ ನೋಡದೆ ಸೀರೆಯ ಕಡೆಯೇ ನೋಡುತ್ತ ಹೇಳಿದರು:

"ಇಡೀ ಸೀರೆ ಹಿಂಗಿರ್ತದೆ ಅಂತ ನಾನ್ಯಾವತ್ತೂ ನೋಡಿರ್ಲಿಲ್ಲ ಕಣಮ್ಮಿ. ನಿಮ್ಮಾವ ನೇಯ್ತಿದ್ರೆ ನಮ್ ಕಣ್ಣಿಗ್ ಬೀಳ್ತಿದ್ದಿದ್ದು ಒಂದು ಗೇಣು. ನೇಯ್ದಿದ್ದೆಲ್ಲಾ ಮರದ್ ದಿಂಡಿಗೆ ಸುತ್ಕಂಡ್ ಹೋಗ್ಬುಡ್ತಿತ್ತು. ಬಿಚ್ಚಿದ್ ದಿನ ಮಡಚಿ ಸಾವ್ಕಾರ್ನ ಮನೆಗೆ. ಯಾರುಟ್ರೋ, ಯಾವ್ ಮದ್ವೇಲ್ ಉಟ್ರೋ, ಹೆಂಗ್ ಕಂಡ್ತೋ. ಅಷ್ಟು ವರ್ಷ ನೂಲ್ ಸುತ್ತಿದ್ನಲ್ಲ, ಯಾವತ್ತೂ ನೋಡ್ಲಿಲ್ಲ."

ಅತ್ತೆ ಕೈ ಚಾಚಿ, "ಇತ್ತ ಕೊಡು" ಎಂದರು. ಕೊಟ್ಟೆ. ಎಣ್ಣೆಯ ಕೈಯಲ್ಲೇ ಅದನ್ನು ತಮ್ಮ ಹೆಗಲ ಮೇಲೆ ಎಳೆದುಕೊಂಡು, ಕನ್ನಡಿ ಹಿಡಿ ಎಂದರು. ಹಸಿರು ಉಟ್ಟು ಎಷ್ಟೋ ವರ್ಷವಾಗಿತ್ತು ಅವರಿಗೆ. ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡರು, ಸೆರಗನ್ನು ಸ್ವಲ್ಪ ಸರಿಮಾಡಿಕೊಂಡರು, ಇನ್ನೊಂದು ಸಲ ನೋಡಿಕೊಂಡರು. ಆಮೇಲೆ "ಎಣ್ಣೆ ಆಗೋಯ್ತು, ಇನ್ಯಾರು ತಗಂತಾರೆ. ಒಳಗಿಡು" ಎಂದರು. ನಾನು ಕನ್ನಡಿಯನ್ನು ಕೆಳಗಿಡುವ ನೆಪದಲ್ಲಿ ಆ ಕಡೆ ಹೋಗಿ ಕಣ್ಣು ಒರೆಸಿಕೊಂಡೆ.

ಕಾರ್ತೀಕದ ಮದುವೆಗಳು ಜೋರಾದಾಗ ನಮ್ಮವರು ಇನ್ನಷ್ಟು ಸೀರೆ ತುಂಬಿಕೊಂಡು ಹೋಗಲು ಬಂದರು. ಸಣ್ಣಗಾಗಿದ್ದರು, ಬಿಸಿಲಿಗೆ ಕಪ್ಪಗಾಗಿದ್ದರು. ಬಂದವರೇ ಅತ್ತೆಯ ಕಾಲಬುಡದಲ್ಲಿ ಕೂತು ಅವರ ಪಾದ ಹಿಡಿದುಕೊಂಡರು. ಅತ್ತೆ ಅವತ್ತು ಬೇಕೆಂದೇ ಹಾಸಿಗೆಯಿಂದ ಏಳಲಿಲ್ಲ. ನಡೆಯುವ ವಿಷಯ ಮಗನಿಗೆ ಹೇಳಬೇಡ ಎಂದು ನನಗೆ ಮೊದಲೇ ತಾಕೀತು ಮಾಡಿದ್ದರು. ಯಾಕೆ ಎಂದರೆ ಹೇಳಲೊಲ್ಲರು.

ಬೆಳಗ್ಗೆ ನಮ್ಮವರು ವ್ಯಾನಿಗೆ ಗಂಟು ತುಂಬುತ್ತಿದ್ದರು. ಚಿಕ್ಕತ್ತೆ ರತ್ನಮ್ಮ ಒಂದು ಬಟ್ಟೆಯ ಚೀಲದ ಜೊತೆ ಲೇಪಾಕ್ಷಿಯ ಮೊದಲ ಬಸ್ಸಿಗೇ ಬಂದಿಳಿದರು. ಹಾಸ್ಟೆಲಿನ ಕೆಲಸಕ್ಕೆ ಇಲ್ಲಿಂದಲೇ ಹೋಗಿಬರುತ್ತೇನೆ, ಬಸ್ಸಿನ ಓಡಾಟ ತಪ್ಪಿತು ಅಂದರು. ನಾನು ಅತ್ತೆಯ ಮುಖ ನೋಡಿದೆ.

"ನೀನ್ ಬಟ್ಟೆ ತುಂಬ್ಕಂಡ್ಯಾ?" ಎಂದರು ಅತ್ತೆ.

"ನಾನೆಲ್ಲಿಗೆ?"

"ಕಲ್ಯಾಣದುರ್ಗಕ್ಕೆ. ಮತ್ತೆಲ್ಲಿಗೆ?"

ಎಷ್ಟು ದಿನದಿಂದ ಕಾದಿದ್ದ ಮಾತು! ಆದರೆ ಅದು ಕಿವಿಗೆ ಬಿದ್ದಾಗ ನನ್ನ ಕಾಲು ಏಳಲಿಲ್ಲ. ಚಿಕ್ಕತ್ತೆಗೆ ಎಣ್ಣೆ ಎಷ್ಟು ಬಿಸಿ ಮಾಡಬೇಕು ಗೊತ್ತಾ, ಗಂಜಿಗೆ ಉಪ್ಪು ಎಷ್ಟು, ಮೇಕೆಯನ್ನು ಯಾವ ಕಡೆ ಇಡಬೇಕು? "ನೀವು ಪೂರ್ತಿ ನಡೆಯೋವರೆಗೂ ನಾನು ಹೋಗಲ್ಲ ಅತ್ತೆ" ಎಂದೆ. "ವ್ಯಾಪಾರ ಹೆಂಗೂ ನಡೀತೈತೆ, ನಾನ್ಯಾಕೆ?"

"ನಡೀತೈತಾ? ವಿಡಿಯೋದಾಗ್ ನೋಡ್ಲಿಲ್ವಾ ನೀನು? ಹೆಂಗುಸ್ರು ಬಿಚ್ಚಿ ಗುಡ್ಡೆ ಹಾಕ್ತಾರೆ, ನಿನ್ ಗಂಡ ಮಡಚಿದ್ರೆ ಹಪ್ಪಳ ಮಡಚಿದಂಗಿರ್ತದೆ." ಹೀಗೆ ಬೈದು, ದನಿ ತಗ್ಗಿಸಿದರು. "ಅವ್ನ್ ಮುಖ ನೋಡಮ್ಮಿ. ಅರ್ಧ ಆಗವ್ನೆ. ಹೋಗು ನೀನು. ನಿಂಗಿಲ್ಲಿ ಬೇಕಾಗಿರೋದು ನಾನ್ ನಡ್ಯೋದು ತಾನೆ?"

ಮೇಕೆಯನ್ನು ಎಳೆದುಕೊಂಡು ಎದ್ದೇಬಿಟ್ಟರು. ಕೋಣೆ ದಾಟಿದರು, ಗ್ರೈಂಡರು ದಾಟಿದರು, ಹೊಸ್ತಿಲ ಹತ್ತಿರ ನಿಂತು ಉಸಿರು ಎಳೆದುಕೊಂಡು ಅದನ್ನೂ ದಾಟಿದರು. ಬೀದಿಯಲ್ಲಿ ನಮ್ಮವರ ಕೈಯಲ್ಲಿದ್ದ ಗಂಟು ಹಾಗೇ ಕೆಳಗೆ ಬಿತ್ತು. ಬೀದಿಯೆಂದು ನೋಡದೆ ನಮ್ಮವರು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟರು. "ಅಳ್ಬ್ಯಾಡ್ಲಾ, ಹರಕೆ ತೀರ್ತು, ಇನ್ ಬಿಚ್ಚಿ ತೋರ್ಸು ಹೋಗು" ಎಂದರು ಅತ್ತೆ. ನನ್ನ ಬಟ್ಟೆಯ ಚೀಲವನ್ನು ಚಿಕ್ಕತ್ತೆಯೇ ತುಂಬಿ ತಂದರು.

ವ್ಯಾನು ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೇ ನೋಡುತ್ತಿದ್ದೆ. ಎಣ್ಣೆ ಬಾಟಲಿ ಕಿಟಕಿಯ ಮೇಲಿದೆ ಅಂತ ಕೂಗಿದೆ, ಮೊಣಕಾಲಿಗೆ ಮೊದಲು ಬಿಸಿನೀರು ಅಂತ ಕೂಗಿದೆ. ನಮ್ಮವರು ವ್ಯಾನು ನಿಲ್ಲಿಸಿದರು, ನಾನು ಇಳಿದುಬಿಡುತ್ತೇನೇನೋ ಅಂತ. ಬಾಗಿಲ ಹಿಡಿಗೆ ನನ್ನ ಕೈ ಹೋಗಿದ್ದೂ ನಿಜ.

"ನಿಂತ್ಬುಟ್ರಾ?" ಅತ್ತೆಯ ಕೂಗು ಬೀದಿಯ ಈ ತುದಿಗೂ ಕೇಳಿಸಿತು. "ಬಿಸ್ಲೇರ್ತದೆ, ಹೋಗ್ರಮ್ಮ! ಹೋಗ್ರಿ!"

ಕೋಳಿ ಓಡಿಸುವ ಹಾಗೆ ನಮ್ಮನ್ನು ಓಡಿಸುತ್ತಿದ್ದರು, ಎರಡು ಕೈಯಲ್ಲೂ. ವಾಕರು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಅದು ಅವರಿಗೂ ಗೊತ್ತಾಗಿರಲಿಲ್ಲ. ನಾನು ಕೂಗಿ ಹೇಳಲು ಬಾಯಿ ತೆರೆದೆ, ನಮ್ಮವರು ನನ್ನ ಕೈ ಹಿಡಿದು, "ಹೇಳ್ಬ್ಯಾಡ" ಎಂದರು.